ಅಕ್ಷರದಲ್ಲಿ ಎಡವುವ ಮಕ್ಕಳು: ಮಳಖೇಡ–ತೆಂಗಳಿ ಸೀಮೆಯ ಪಾಠಶಾಲೆಗಳನ್ನು ಕುರಿತು ಒಂದು ವಿವೇಚನೆ

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಮೇಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೆಂಬುದು ವಾಚಕರಿಗೆ ತಿಳಿದ ಸಂಗತಿ. ಕ್ರಿ. ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ವರ್ಣಿಸಿ, ಅಲ್ಲಿಯ ಜನರು ಉದ್ದೇಶಪಟ್ಟು ಓದಿ ಕಲಿಯದಿದ್ದರೂ ಕವಿತೆಯ ಹದವನ್ನು ಬಲ್ಲವರೆಂದು ಹೊಗಳುವುದು. ಈ ಮಾತನ್ನು ಉದಾಹರಿಸದ ಸಾಹಿತ್ಯಭಾಷಣವು ನಮ್ಮಲ್ಲಿ ಅಪೂರ್ವವೇ ಸರಿ. ಆದರೆ ಅದರ ಬೆನ್ನಿಗೇ ಬರುವ ಇನ್ನೊಂದು ಮಾತಿಗೆ ಅಷ್ಟು ಪ್ರಚಾರವು ದೊರೆತಿಲ್ಲ. ಬಲ್ಲವರು ಮಾತ್ರವಲ್ಲ, ಉಳಿದವರೂ ತಮ್ಮ ತಮ್ಮ ನುಡಿಯಲ್ಲಿ ಜಾಣರೇ. ಎಳೆಯ ಮಕ್ಕಳೂ ಮಾತು ಬಾರದವರೂ ಕೂಡ ವಿವೇಕವನ್ನು ಅರಿತವರು ಎಂಬುದು ಆ ಮಾತಿನ ತಾತ್ಪರ್ಯ. ಪ್ರಶಂಸೆಯಲ್ಲಿ ಅತಿಶಯೋಕ್ತಿಯ ಅಂಶವು ಇದ್ದೇ ಇರುವುದು. ಅದನ್ನು ಕಳೆದರೂ, ಓದಿನ ಬಲವಿಲ್ಲದವನಲ್ಲಿಯೂ ನುಡಿಯ ಜಾಣ್ಮೆಯಿರಬಹುದೆಂಬ ಒಂದು ತಿಳಿವಳಿಕೆಯು ಉಳಿಯುವುದು.

ಈ ತಿಳಿವಳಿಕೆಯು ಹುಟ್ಟಿದ ಸೀಮೆಯಲ್ಲಿಯೇ ಇಂದು ಅದರ ಅವಶ್ಯಕತೆಯು ಹೆಚ್ಚಾಗಿದೆ. ತೆಂಗಳಿ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸುತ್ತಿನ ಯಾವ ಪಾಠಶಾಲೆಗೆ ಹೋದರೂ, ಮಾತಿನಲ್ಲಿ ಚುರುಕಾಗಿದ್ದು, ಸಂತೆಯ ಲೆಕ್ಕವನ್ನು ಬಾಯಿಯಲ್ಲಿ ಮಾಡಬಲ್ಲವನಾಗಿದ್ದು, ಕೇಳಿದ ಕಥೆಯನ್ನು ಒಂದಂಶವೂ ಬಿಡದೆ ತಿರುಗಿ ಹೇಳಬಲ್ಲವನಾಗಿದ್ದೂ, ನಾಲ್ಕನೆಯ ಅಥವಾ ಐದನೆಯ ತರಗತಿಯಲ್ಲಿ ಒಂದು ಸಾಲನ್ನು ನೆಟ್ಟಗೆ ಓದಲಾರದ ಬಾಲಕನೋ ಬಾಲಕಿಯೋ ಹಿಂದಿನ ಸಾಲಿನಲ್ಲಿ ಕುಳಿತಿರುವುದು ಕಂಡುಬರುವುದು. ಇಂತಹವರಿಗೆ ಶಾಲೆಯಲ್ಲಿ ಸಿದ್ಧವಾಗಿರುವ ಹೆಸರು ದಡ್ಡ, ಸೋಮಾರಿ ಎಂಬುದು. ಈ ಹೆಸರು ಏಕೆ ತಪ್ಪು, ಇವರು ಎಡವುವ ಸ್ಥಳಗಳು ನಮ್ಮ ಲಿಪಿಯಲ್ಲಿ ಯಾವುವು, ಕನ್ನಡವನ್ನು ಬೋಧಿಸುವವರು ಇವರ ವಿಷಯದಲ್ಲಿ ತೋರಬೇಕಾದ ದಯೆಯು ಯಾವ ಬಗೆಯದು ಎಂಬುದನ್ನು ಇಲ್ಲಿ ವಿವೇಚಿಸಬೇಕೆಂದಿರುವೆನು.

ಮೊದಲು ಒಂದು ಎಚ್ಚರಿಕೆಯನ್ನು ಹೇಳಿಬಿಡುವುದು ಮೇಲು. ಕವಿರಾಜಮಾರ್ಗದ ಮಾತನ್ನು ಈ ಮಕ್ಕಳಿಗೆ ನೇರವಾಗಿ ಅನ್ವಯಿಸಿ, ನಮ್ಮ ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಹಳಗನ್ನಡದಲ್ಲಿ ಓದು ಎಂಬ ಧಾತುವಿಗೆ ಬಾಯಿಬಿಟ್ಟು ಪಠಿಸುವುದು, ಶಾಸ್ತ್ರವನ್ನು ಅಭ್ಯಾಸಮಾಡುವುದು ಎಂಬ ಅರ್ಥಗಳೇ ಮುಖ್ಯವಾದುವು. ಬರೆದ ಅಕ್ಷರವನ್ನು ಕಣ್ಣಿನಿಂದ ಹಿಡಿದು ಮನಸ್ಸಿನಲ್ಲಿಯೇ ಅರ್ಥಮಾಡಿಕೊಳ್ಳುವುದೆಂಬ ಇಂದಿನ ಅರ್ಥವನ್ನು ಅಲ್ಲಿಗೆ ತುಂಬಲಾಗದು. ಆ ಕಾಲದ ವಿದ್ಯೆಯ ಬಹುಭಾಗವು ಕಿವಿಯ ಮೂಲಕವೇ ನಡೆಯುತ್ತಿದ್ದಿತು. ಚಿತ್ತಾಪುರಕ್ಕೆ ಸಮೀಪದ ನಾಗಾವಿಯಲ್ಲಿ ಚಾಳುಕ್ಯ ತ್ರೈಲೋಕ್ಯಮಲ್ಲನ ಕಾಲದ, ಕ್ರಿ. ಶ. 1058ರ ಶಾಸನವೊಂದು ಅಲ್ಲಿಯ ಘಟಿಕಾಸ್ಥಾನವನ್ನು ವರ್ಣಿಸುವುದು: 200 ಮಂದಿ ವೇದಾಧ್ಯಾಯಿಗಳು, ಅವರಿಗಿಂತ ಕಡಮೆ ಸಂಖ್ಯೆಯ ಶಾಸ್ತ್ರಾಧ್ಯಾಯಿಗಳು, ಅವರವರ ಉಪಾಧ್ಯಾಯರು, ಪುಸ್ತಕಗಳನ್ನು ಕಾಯುವುದಕ್ಕೆ 6 ಮಂದಿ ಸರಸ್ವತೀಭಂಡಾರಿಗರು. ಆ 200 ಮಂದಿಯಲ್ಲಿ ಅಕ್ಷರವನ್ನು ಕಂಡರೆ ತಡವರಿಸುವವನೊಬ್ಬನಿದ್ದನೆಂದು ಭಾವಿಸೋಣ. ಗುರುಮುಖದಿಂದ ಕೇಳಿ ಕಂಠಸ್ಥಮಾಡುವ ಆ ಪದ್ಧತಿಯಲ್ಲಿ ಅವನ ತೊಡಕು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಿವಿ ಚುರುಕಾಗಿದ್ದರೆ ಅವನೇ ಮೊದಲಿಗನೂ ಆಗಬಹುದಾಗಿದ್ದಿತು. (ಆ ಬಾಗಿಲು ಯಾರಿಗೆ ತೆರೆದಿದ್ದಿತು, ಯಾರಿಗೆ ಮುಚ್ಚಿದ್ದಿತು ಎಂಬುದು ಬೇರೆ ವಿಚಾರ, ಆದರೆ ಮರೆಯತಕ್ಕ ವಿಚಾರವಲ್ಲ.) ಎಲ್ಲ ವಿದ್ಯೆಯೂ ಕಣ್ಣಿನ ದಾರಿಯಿಂದಲೇ ಬರಬೇಕೆಂದು ಗೊತ್ತುಮಾಡಿರುವ ಇಂದಿನ ಶಾಲೆಯಲ್ಲಿಯೇ ಈ ತೊಡಕು ವಿದ್ಯೆಗೆ ಅಡ್ಡಿಯಾಗಿ ಪರಿಣಮಿಸಿರುವುದು.

ಈ ತೊಡಕಿಗೆ ವೈದ್ಯರು ಹೆಸರಿಟ್ಟು ಒಂದು ಶತಮಾನಕ್ಕೆ ಮೇಲಾಯಿತು. ಡಿಸ್ಲೆಕ್ಸಿಯಾ ಎಂಬ ಪದವನ್ನು 1887ರಲ್ಲಿ ಬಳಕೆಗೆ ತಂದವನು ಜರ್ಮನಿಯ ನೇತ್ರವೈದ್ಯನಾದ ರುಡಾಲ್ಫ್ ಬರ್ಲಿನ್. ಅವನು ನೋಡಿದುದು ಮಿದುಳಿನ ರೋಗದಿಂದ ಓದುವ ಶಕ್ತಿಯನ್ನು ಕಳೆದುಕೊಂಡ ವಯಸ್ಕರನ್ನು. ಹುಟ್ಟಿನಿಂದಲೇ ಈ ತೊಡಕುಳ್ಳ ಬಾಲಕನೊಬ್ಬನನ್ನು 1896ನೆಯ ನವೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ವರ್ಣಿಸಿದವನು ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್. ಬಾಲಕನ ಹೆಸರು ಪರ್ಸಿ, ವಯಸ್ಸು 14. ಆಟದಲ್ಲಿ ಸಹಪಾಠಿಗಳಿಗೆ ಹಿಂದಲ್ಲ, ಮೂರಂಕಿಯನ್ನು ಮೂರಂಕಿಯಿಂದ ಗುಣಿಸುವ ಲೆಕ್ಕವನ್ನು ಬೇಗನೆ ತಪ್ಪಿಲ್ಲದೆ ಮಾಡುವನು, ದೃಷ್ಟಿಯಲ್ಲಿ ದೋಷವಿಲ್ಲ. ಏಳನೆಯ ವಯಸ್ಸಿನಿಂದ ಅಕ್ಷರಗಳನ್ನು ಕಲಿಸಿದ್ದರೂ ಸಣ್ಣ ಪದಗಳನ್ನು ಕೂಡ ಓದಲಾರನು. ತನ್ನ ಹೆಸರನ್ನೇ ಅಕ್ಷರ ತಿರುವುಮುರುವಾಗಿ ಪ್ರೆಸಿ ಎಂದು ಬರೆದು, ತಪ್ಪಾಯಿತೆಂದು ತಿಳಿಯದೆ ಹೋದನು. ಎಲ್ಲ ಪಾಠವೂ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಇವನೇ ಶಾಲೆಯಲ್ಲಿ ಅತ್ಯಂತ ಜಾಣನಾಗುವನೆಂದು ಅವನ ಉಪಾಧ್ಯಾಯನು ಹೇಳಿದನೆಂದು ಮಾರ್ಗನನು ಬರೆದಿರುವನು. ವೈದ್ಯನ ಲೇಖನದಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹಿಡಿದುದು ಉಪಾಧ್ಯಾಯನ ಈ ಒಂದು ಮಾತೇ. ಮಿದುಳಿನ ಶಾಸ್ತ್ರವನ್ನು ಅರಿಯದ ಆತನು ತನ್ನ ಶಿಷ್ಯನನ್ನು ಸರಿಯಾಗಿ ನೋಡಿದ್ದನು.

ಇಂದಿನ ಪರಿಶೋಧಕರಲ್ಲಿ ಹೆಚ್ಚಿನವರ ಅಭಿಪ್ರಾಯದಲ್ಲಿ ತೊಡಕಿನ ಮೂಲವು ಕಣ್ಣಿನಲ್ಲಿಲ್ಲ; ನುಡಿಯ ದನಿಗಳನ್ನು ಬಿಡಿಬಿಡಿಯಾಗಿ ಗುರುತಿಸಿ, ಅವನ್ನು ಬರೆಹದ ಗುರುತುಗಳೊಡನೆ ಬೇಗನೆ ಹೊಂದಿಸುವ ಕೆಲಸದಲ್ಲಿದೆ. ಅಕ್ಷರಕ್ಕೆ ಕಿವಿಯ ರೂಪವೊಂದು, ಕಣ್ಣಿನ ರೂಪವೊಂದು ಎಂಬ ಭೇದವನ್ನು ನಮ್ಮ ವೈಯಾಕರಣರೂ ಅರಿತಿದ್ದರು. ಈ ಎರಡು ರೂಪಗಳ ನಡುವಣ ಸೇತುವೆಯು ಬಹುಜನ ಮಕ್ಕಳಿಗೆ ಅಭ್ಯಾಸದಿಂದ ತಾನಾಗಿಯೇ ಕಟ್ಟಿಕೊಳ್ಳುವುದು. ಕೆಲವರಿಗೆ ಒಂದೊಂದು ಕಲ್ಲನ್ನೂ ಇಟ್ಟು ಕಟ್ಟಿಕೊಡಬೇಕಾಗುವುದು. ಇದು ಬುದ್ಧಿಯ ಕೊರತೆಯೂ ಅಲ್ಲ, ಮನಸ್ಸಿಲ್ಲದಿರುವಿಕೆಯೂ ಅಲ್ಲ. ಬರೆಯುವುದರಲ್ಲಿ, ಲೆಕ್ಕದಲ್ಲಿ ಮಾತ್ರ ಇಂತಹ ತೊಡಕುಳ್ಳವರೂ ಉಂಟು. ಅವರ ವಿಚಾರವನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಇಂಗ್ಲಿಷಿನಲ್ಲಿ ಬರೆದಂತೆ ಓದುವುದಿಲ್ಲವಾದುದರಿಂದ ಆ ಮಕ್ಕಳಿಗೆ ತೊಡಕು. ಕನ್ನಡವನ್ನಾದರೋ ಬರೆದಂತೆಯೇ ಓದುವರು, ನಮ್ಮಲ್ಲಿ ಇಂತಹ ಪ್ರಶ್ನೆಯೇ ಏಳದು ಎಂದು ಹೇಳುವ ವಿದ್ವಾಂಸರನ್ನು ನಾನು ಕಂಡಿರುವೆನು. ಭಾಷಾಭಿಮಾನಕ್ಕೆ ಇದು ಒಪ್ಪುವ ಮಾತಾದರೂ ಲಿಪಿಯ ಸ್ವರೂಪಕ್ಕೆ ಒಪ್ಪುವುದಿಲ್ಲ. ನಮ್ಮ ವರ್ಣಮಾಲೆಯಲ್ಲಿ ಅಕ್ಷರಗಳು 49. ಆದರೆ ಮಗುವು ಕಲಿಯಬೇಕಾದ ರೂಪಗಳು 49 ಅಲ್ಲ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ 442 ಗುಣಿತಾಕ್ಷರಗಳಾಗುವುವು. ಇವುಗಳಲ್ಲಿ ಎಷ್ಟೋ ಬಳಕೆಗೆ ಬಾರವೆಂದು ಬಿಟ್ಟರೂ ಉಳಿದುವು ನೂರಾರು. ಇವುಗಳ ಮೇಲೆ ಒತ್ತಕ್ಷರಗಳು ಬೇರೆ. ಬೆಂಗಳೂರಿನ ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಕ್ಷರಜ್ಞಾನವು ಒಂದೆರಡು ವರ್ಷಗಳಲ್ಲಿ ಮುಗಿಯತಕ್ಕುದಲ್ಲ, ಪ್ರಾಥಮಿಕ ತರಗತಿಗಳ ಉದ್ದಕ್ಕೂ ಅದು ಬೆಳೆಯುತ್ತ ಹೋಗುವುದೆಂದು ತೋರಿಸಿಕೊಟ್ಟಿರುವರು. ಅವರೂ ಮಾರ್ಗರೆಟ್ ಸ್ನೋಲಿಂಗ್ ಅವರೂ ಕೂಡಿ 2011ರಲ್ಲಿ ಪ್ರಕಟಿಸಿದ ಇನ್ನೊಂದು ಲೇಖನವು ಕನ್ನಡದಲ್ಲಿ ಓದು ಕುಂಠಿತವಾದ ಮಕ್ಕಳನ್ನೇ ಕುರಿತದ್ದು. ಅವರೆಲ್ಲರ ತೊಡಕೂ ಒಂದೇ ಬಗೆಯದಲ್ಲವೆಂಬುದು ಅದರಿಂದ ತಿಳಿದುಬರುವುದು. ಆದಕಾರಣ ಎರಡನೆಯ ತರಗತಿಯಲ್ಲಿ ಒತ್ತಕ್ಷರ ಬಾರದ ಮಗುವನ್ನು ನೋಡಿ ಗಾಬರಿಯಾಗುವುದೂ ಸರಿಯಲ್ಲ. ಐದನೆಯದರಲ್ಲಿಯೂ ಬಾರದಿದ್ದರೆ ನಾಳೆ ಬಂದೀತೆಂದು ಸುಮ್ಮನಿರುವುದೂ ಸರಿಯಲ್ಲ.

ಮಗುವು ಎಡವುವ ಸ್ಥಳಗಳನ್ನು ಉಪಾಧ್ಯಾಯನು ತಾನೇ ಒಮ್ಮೆ ನಿಧಾನವಾಗಿ ನಡೆದು ನೋಡಬೇಕು. ಸೂರ್ಯ ಎಂಬ ಪದದಲ್ಲಿ ರಕಾರವನ್ನು ಯಕಾರಕ್ಕಿಂತ ಮೊದಲು ಉಚ್ಚರಿಸುವೆವು; ಬರೆಯುವಾಗ ಅರ್ಕಾವತ್ತನ್ನು ಯಕಾರದ ಬಲಗಡೆಗೆ, ಅದು ಮುಗಿದ ಮೇಲೆ ಇಡುವೆವು. ಕಿವಿಗೆ ಮೊದಲು ಬಂದುದು ಕಣ್ಣಿಗೆ ಕಡೆಯಲ್ಲಿ ಬರುವುದು. ಶಕ್ತಿ ಎಂಬಲ್ಲಿ ಇಕಾರದ ದನಿಯು ತಕಾರವಾದ ಮೇಲೆ ಕೇಳಿಸುವುದು. ಅದರ ಗುಡಿಸಾದರೋ ಮೇಲಿರುವ ಕಕಾರಕ್ಕೆ ಅಂಟಿರುವುದು, ತಕಾರವು ಕೆಳಗೆ ಬರಿದಾಗಿ ನಿಂತಿರುವುದು. ಓದಬಲ್ಲ ನಮಗೆ ಈ ಹಿಂದುಮುಂದು ಲಕ್ಷ್ಯಕ್ಕೇ ಬಾರದು. ದನಿಗಳ ಅನುಕ್ರಮವನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟವಾಗಿರುವ ಮಗುವಿಗೆ ಇದು ಎಷ್ಟು ದೊಡ್ಡ ಗೋಜೆಂಬುದನ್ನು ಊಹಿಸಿಕೊಳ್ಳಬೇಕು. ಇನ್ನು ತ, ನ, ಮ, ಯ, ರ, ಲ ಇವುಗಳ ಒತ್ತುಗಳು ತಮ್ಮ ಮೂಲರೂಪವನ್ನೇ ಹೋಲುವುದಿಲ್ಲ. ಕು ಎಂಬಲ್ಲಿ ಬದಿಗೆ ಬರುವ ಕೊಂಬು ಪು, ವು ಎಂಬಲ್ಲಿ ಕೆಳಗಿಳಿಯುವುದು. ಹೀಗಾಗಿ ವು ಎಂಬುದಕ್ಕೂ ಮ ಎಂಬುದಕ್ಕೂ ಇರುವ ಅಂತರವು ಒಂದು ಸಣ್ಣ ಬಳುಕು ಮಾತ್ರ. ಪ, ಷ, ದ, ಧ, ರ, ಠ ಇವುಗಳನ್ನು ಬೇರ್ಪಡಿಸುವುದು ಒಂದು ಗೆರೆ, ಒಂದು ಸೀಳು, ಒಂದು ಚುಕ್ಕೆ. ಲಿಪಿಯ ಸೌಂದರ್ಯವನ್ನು ನಾವು ಹೊಗಳುವಾಗ ಅದರ ದುಂಡುತನವನ್ನು ಹೊಗಳುವೆವು. ಅದೇ ದುಂಡುತನವು ಈ ಮಕ್ಕಳಿಗೆ ಒಂದಕ್ಷರವನ್ನು ಇನ್ನೊಂದರಲ್ಲಿ ಕಳೆದುಬಿಡುವುದು.

ಇಷ್ಟಾದರೂ ತಪ್ಪು ಬರೆದ ಮಕ್ಕಳೆಲ್ಲರಿಗೂ ಈ ತೊಡಕಿದೆಯೆಂದು ತಿಳಿಯಲಾಗದು. ತೆಂಗಳಿಯ ಸೀಮೆಯಲ್ಲಿ ಈ ವಿವೇಚನೆಯು ಎಲ್ಲಕ್ಕಿಂತ ಕಠಿನ. ಇಲ್ಲಿಯ ಮನೆಮಾತುಗಳೇ ಹಲವು: ಕನ್ನಡ, ಉರ್ದು, ಗಡಿಯ ಕಡೆಗೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ. 1948ನೆಯ ಸೆಪ್ಟೆಂಬರಿನವರೆಗೆ ಈ ಪ್ರದೇಶವು ನಿಜಾಮರ ಆಳ್ವಿಕೆಯಲ್ಲಿದ್ದು, ಆಡಳಿತದಲ್ಲಿಯೂ ಮೇಲಿನ ವಿದ್ಯಾಭ್ಯಾಸದಲ್ಲಿಯೂ ಉರ್ದುವಿಗೆ ಪ್ರಾಧಾನ್ಯವಿದ್ದಿತು. ಎಷ್ಟೋ ಮನೆಗಳಲ್ಲಿ ಅಜ್ಜನ ಅಕ್ಷರವೇ ಬೇರೆ, ಮೊಮ್ಮಗನ ಅಕ್ಷರವೇ ಬೇರೆ. 2002ರ ನಂಜುಂಡಪ್ಪ ಸಮಿತಿಯ ವರದಿಯು ಸೇಡಂ, ಚಿತ್ತಾಪುರ, ಚಿಂಚೋಳಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿಟ್ಟಿತು. ತೊಗರಿಯ ಹೊಲದ ಕೆಲಸ ಮುಗಿದೊಡನೆ ಹೈದರಾಬಾದಿಗೋ ಪುಣೆಗೋ ಮುಂಬಯಿಗೋ ಕೂಲಿಗಾಗಿ ಹೊರಡುವ ತಂದೆತಾಯಿಗಳೊಡನೆ ಮಕ್ಕಳೂ ಹೊರಡುವರು; ತಿರುಗಿ ಬಂದಾಗ ಪಾಠವು ಬಹಳ ಮುಂದೆ ಹೋಗಿರುವುದು. ಇವರ ಕೊರತೆಯು ಕಲಿಕೆಯ ತೊಡಕಲ್ಲ; ಕಲಿಸದೆ ಬಿಟ್ಟುದರ ಫಲ. ಆದರೆ ಇಂತಹ ಮಕ್ಕಳ ನಡುವೆಯೇ ನಿಜವಾದ ತೊಡಕುಳ್ಳವನು ಕಾಣದಂತೆ ಅಡಗಿಹೋಗುವನೆಂಬುದೂ ಅಷ್ಟೇ ನಿಜ. ತಾಂಡಾದ ಹುಡುಗನಿಗೆ ಕನ್ನಡ ಬಾರದು, ಅಷ್ಟೇ ಎಂದು ನಾವು ತೀರ್ಮಾನಿಸಿಬಿಡುವೆವು.

ಭೇದವನ್ನು ಕಾಣುವುದಕ್ಕೆ ಉಪಾಯವು ತೀರ ಇಲ್ಲದೆ ಇಲ್ಲ. ಅದೇ ತಾಂಡಾದಿಂದ ಬಂದು, ಅಷ್ಟೇ ದಿವಸ ಶಾಲೆಗೆ ತಪ್ಪಿಸಿಕೊಂಡ ಬೇರೆ ಮಕ್ಕಳೊಡನೆ ಅವನನ್ನು ಹೋಲಿಸಬೇಕು, ಪಟ್ಟಣದ ಮಕ್ಕಳೊಡನೆಯಲ್ಲ. ಆರು ತಿಂಗಳು ಒಂದೇ ಬಗೆಯಾಗಿ ಕಲಿಸಿದಾಗ ಅವರು ಮುಂದುವರಿದು ಇವನೊಬ್ಬನೇ ನಿಂತಲ್ಲಿಯೇ ನಿಂತರೆ ಅನುಮಾನಿಸಬೇಕು. ಮನೆಮಾತಿನಲ್ಲಿ ಕಥೆಯನ್ನು ಹೇಳಿ, ಪ್ರಶ್ನೆ ಕೇಳಿ, ಬಾಯಿಯಲ್ಲಿ ಉತ್ತರವನ್ನು ಪಡೆದು ನೋಡಬೇಕು. ಕಿವಿಯಿಂದ ಗ್ರಹಿಸಿದುದಕ್ಕೂ ಕಣ್ಣಿನಿಂದ ಗ್ರಹಿಸಿದುದಕ್ಕೂ ಅಂತರವು ಬಹಳವಾಗಿದ್ದರೆ ಅದು ಮುಖ್ಯವಾದ ಸೂಚನೆ.

ಆಡುಮಾತಿನಿಂದ ಬರುವ ತಪ್ಪನ್ನೂ ಬೇರೆಯಾಗಿ ಎಣಿಸಬೇಕು. ಈ ಸೀಮೆಯ ಬಾಯಿಯಲ್ಲಿ ಮನೆಯು ಮನಿ, ಶಾಲೆಯು ಸಾಲಿ, ಬೇಳೆಯು ಬ್ಯಾಳಿ. ಹುಡುಗಿಯೊಬ್ಬಳು ತೊಗರಿ ಬ್ಯಾಳಿ ಎಂದು ಬರೆದಳೆನ್ನಿ. ಗ್ರಂಥಭಾಷೆಯ ದೃಷ್ಟಿಯಿಂದ ಅದು ತಪ್ಪು. ಕೆಂಪು ಗೆರೆ ಬೀಳುವುದು. ಆದರೆ ಆ ಮಗುವು ಮಾಡಿದುದೇನೆಂಬುದನ್ನು ನೋಡಿರಿ. ತಾನು ಆಡುವ ದನಿಯನ್ನು ಕೇಳಿಸಿಕೊಂಡು, ಅದರಲ್ಲಿಯ ಯಕಾರವನ್ನು ಬೇರ್ಪಡಿಸಿ, ಅದಕ್ಕೆ ತಕ್ಕ ಒತ್ತನ್ನು ನೆನೆದು, ಅದರ ಮೇಲೆ ದೀರ್ಘವನ್ನಿಟ್ಟು ಸರಿಯಾಗಿ ಬರೆದಳು. ಬೇಳೆ ಎಂದು ಬರೆಯುವುದಕ್ಕಿಂತ ಇದು ಕಷ್ಟದ ಕೆಲಸ. ಇವಳಿಗೆ ಅಕ್ಷರವು ಒಲಿದಿದೆ. ಗ್ರಂಥರೂಪವನ್ನು ಮಾತ್ರ ತಿಳಿಸಿದರೆ ಸಾಕು. ಅದೇ ಪದವನ್ನು ಒಂದೇ ಪುಟದಲ್ಲಿ ಒಮ್ಮೆ ಬೆಳ, ಒಮ್ಮೆ ಳಬೆ, ಒಮ್ಮೆ ಬೇಲ ಎಂದು ಬರೆದವನ ಸ್ಥಿತಿಯು ಬೇರೆ. ಇಬ್ಬರಿಗೂ ಒಂದೇ ಕೆಂಪು ಗೆರೆ, ಒಂದೇ ಶೂನ್ಯ! ಕನ್ನಡದ ದೇಸಿಗಳು ಬೇರೆಬೇರೆಯಾದುದರಿಂದ ವಾಸುಕಿಯೂ ಅವನ್ನು ತಿಳಿಯಲಾರದೆ ಬೇಸರಗೊಳ್ಳುವನೆಂದು ಕವಿರಾಜಮಾರ್ಗಕಾರನೇ ಹೇಳಿರುವನು. ವಾಸುಕಿಗೆ ಅಸಾಧ್ಯವಾದುದನ್ನು ಎಂಟು ವರ್ಷದ ಮಗುವಿನಿಂದ ಬಯಸುವ ಉಪಾಧ್ಯಾಯರು ನಮ್ಮಲ್ಲಿ ಹಲವರಿರುವರು. ಅವರಲ್ಲಿ ನಾನೂ ಒಬ್ಬನಾಗಿದ್ದೆನು.

ಇದನ್ನು ಹೇಳಿದ ಮೇಲೆ ಒಂದು ಪ್ರಸಂಗವನ್ನು ಮುಚ್ಚಿಡಲಾಗದು. ಸುಮಾರು ಮೂವತ್ತು ವರ್ಷಗಳ ಹಿಂದೆ ಈ ಭಾಗದ ಒಂದು ಶಾಲೆಯಲ್ಲಿ ನಾನು ಎಂಟನೆಯ ತರಗತಿಗೆ ಕನ್ನಡವನ್ನು ಬೋಧಿಸುತ್ತಿದ್ದೆನು. ತರಗತಿಯಲ್ಲಿದ್ದ ಒಬ್ಬ ಹುಡುಗನು ರಾತ್ರಿಯ ಭಜನೆಯಲ್ಲಿ ಕೇಳಿ ಕಲಿತ ಕಡಕೋಳ ಮಡಿವಾಳಪ್ಪನ ತತ್ವಪದಗಳನ್ನು ಹತ್ತಾರು ಬಲ್ಲವನಾಗಿದ್ದನು. ಹಾಡುವುದಷ್ಟೇ ಅಲ್ಲ, ಬೆಡಗಿನ ಮಾತಿಗೆ ಹಿರಿಯರು ಹೇಳಿದ ಅರ್ಥವನ್ನೂ ಹೇಳುವನು. ಅವನ ಉತ್ತರಪತ್ರಿಕೆಯಾದರೋ ಯಾವ ಸಾಲೂ ತಿಳಿಯದಂತಿರುತ್ತಿದ್ದಿತು. ಇಷ್ಟು ಹಾಡಬಲ್ಲವನಿಗೆ ಓದಲು ಬಾರದೆಂದರೆ ಅದು ಹಟವೇ ಸರಿ ಎಂದು ನಾನು ಬಗೆದೆನು. ಒಂದು ದಿವಸ ಅವನನ್ನು ಎಲ್ಲರ ಎದುರಿಗೆ ನಿಲ್ಲಿಸಿ ಗದ್ಯಪಾಠವನ್ನು ಓದಿಸಿದೆನು. ಮೊದಲ ಸಾಲಿನಲ್ಲಿಯೇ ಅವನು ನಿಂತುಹೋದನು. ‘ಕೇಳಿದ್ರ ಗೊತ್ತಾಗ್ತದರೀ ಸರ್, ನೋಡಿದ್ರ ಗೊತ್ತಾಗಂಗಿಲ್ಲರೀ’ ಎಂದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಪ್ರಿಂಗಲ್ ಮಾರ್ಗನನು ಲೇಖನದಲ್ಲಿ ನಿರೂಪಿಸಿದುದನ್ನೇ ಆ ಹುಡುಗನು ಒಂದು ವಾಕ್ಯದಲ್ಲಿ ನನಗೆ ಹೇಳಿದ್ದನು. ದಸರೆಯ ರಜೆಯಾದ ಮೇಲೆ ಅವನು ಶಾಲೆಗೆ ಬರಲಿಲ್ಲ. ಹಾಸುಗಲ್ಲಿನ ಗಣಿಯಲ್ಲಿ ಕೆಲಸಕ್ಕೆ ಸೇರಿದನೆಂದು ಕೇಳಿದೆನು, ವಿಚಾರಿಸಲು ಹೋಗಲಿಲ್ಲ. ಬಹುಕಾಲದ ಮೇಲೆ ಬಸ್ ನಿಲ್ದಾಣದಲ್ಲಿ ನನ್ನನ್ನು ಗುರುತಿಸಿ, ಕೈಮುಗಿದು, ‘ಸರ್ರೀ, ಈ ಬಸ್ ಕಾಳಗಿಗಿ ಹೋಗ್ತದೇನ್ರೀ?’ ಎಂದು ಕೇಳಿದನು. ಕಾಳಗಿ ಎಂಬ ಹಲಗೆಯು ನಮ್ಮಿಬ್ಬರ ಎದುರಿಗೇ ಇದ್ದಿತು.

ದಯೆಯೆಂದರೆ ಮರುಕವೆಂದು ತಿಳಿಯುವುದು ವಾಡಿಕೆ. ಪಾಪ, ಬಿಡಿ ಅವನನ್ನು, ಓದಿಸಬೇಡಿ ಎಂಬ ಮರುಕವು ಮಗುವನ್ನು ಹೊಡೆತದಿಂದ ಕಾಪಾಡಬಹುದು, ಆದರೆ ಅದೇ ಹಿಂದಿನ ಸಾಲಿನಲ್ಲಿಯೇ ಕೂರಿಸುವುದು. ಇಂತಹ ಮಗುವಿಗೆ ಬೇಕಾದ ದಯೆಯು ಕೆಲಸದ ರೂಪದ್ದು. ಅದರ ಮೊದಲನೆಯ ಅಂಶವು ಅಪಮಾನವನ್ನು ತಪ್ಪಿಸುವುದು. ಸಿದ್ಧತೆಯಿಲ್ಲದೆ ಎಲ್ಲರ ಎದುರಿಗೆ ಓದಿಸಲಾಗದು. ಓದಿಸಲೇಬೇಕಾದರೆ ಹಿಂದಿನ ದಿವಸವೇ ಎರಡು ಸಾಲನ್ನು ಗೊತ್ತುಮಾಡಿಕೊಟ್ಟು, ಒಬ್ಬ ಜೊತೆಗಾರನೊಡನೆ ಅಭ್ಯಾಸಮಾಡಲು ಬಿಟ್ಟು, ಆ ಎರಡೇ ಸಾಲನ್ನು ಕೇಳಬೇಕು. ಅಡ್ಡಹೆಸರು ಮೊದಲು ಹುಟ್ಟುವುದು ಉಪಾಧ್ಯಾಯನ ಬಾಯಲ್ಲಿ. ಮಕ್ಕಳು ಅದನ್ನು ಅಂಗಳಕ್ಕೆ ಒಯ್ಯುವರು. ಆದುದರಿಂದ ಮಕ್ಕಳಿಗೆ ಸೌಜನ್ಯವನ್ನು ಬೋಧಿಸುವ ಪಾಠಕ್ಕಿಂತ, ತಡವರಿಸಿದವನ ಮಾತು ಮುಗಿಯುವವರೆಗೆ ಉಪಾಧ್ಯಾಯನು ಸುಮ್ಮನೆ ಕಾಯುವುದನ್ನು ಅವರು ದಿನವೂ ನೋಡುವುದು ಹೆಚ್ಚು ಫಲಕಾರಿ. ಜೊತೆಗಾರನ ಏರ್ಪಾಡಿನಲ್ಲಿಯೂ ಒಂದು ಸೂಕ್ಷ್ಮವಿದೆ. ಜಾಣನು ದಡ್ಡನಿಗೆ ಕಲಿಸುವನೆಂಬಂತೆ ಮಾಡಿದರೆ ಅದೂ ಅಪಮಾನವೇ. ಒಬ್ಬನು ಓದುವುದು, ಇನ್ನೊಬ್ಬನು ಕೇಳಿ ಅರ್ಥವನ್ನು ಹೇಳುವುದು ಎಂದು ಕೆಲಸವನ್ನು ಹಂಚಿದರೆ ಇಬ್ಬರೂ ಒಬ್ಬರಿಗೊಬ್ಬರು ಬೇಕಾದವರಾಗುವರು.

ಎರಡನೆಯ ಅಂಶವು ಕಲಿಸುವ ಕ್ರಮ. ಇದರಲ್ಲಿ ನಮ್ಮ ಹಿಂದಿನ ಐಗಳ ಶಾಲೆಗಳಿಂದ ತೆಗೆದುಕೊಳ್ಳತಕ್ಕುದೂ ಇದೆ, ಬಿಡತಕ್ಕುದೂ ಇದೆ. ಬಿಡತಕ್ಕುದು ಕೋದಂಡ, ಛಡಿ ಮುಂತಾದುವು. ಇವನ್ನು ಸವಿಯಾದ ನೆನಪುಗಳಂತೆ ಬರೆಯುವ ನಮ್ಮ ಆತ್ಮಚರಿತ್ರಕಾರರು, ಆ ಪೆಟ್ಟನ್ನು ತಾಳಿಯೂ ಓದು ಬಂದವರೆಂಬುದನ್ನು ಮರೆಯಬಾರದು. ಓದು ಬಾರದವರು ಆತ್ಮಚರಿತ್ರೆಯನ್ನು ಬರೆಯಲಿಲ್ಲ. ತೆಗೆದುಕೊಳ್ಳತಕ್ಕುದು ಮರಳಿನ ಮೇಲೆ ಬೆರಳಿನಿಂದ ತಿದ್ದಿಸುವ ಪದ್ಧತಿ. ದನಿಯನ್ನು ಬಾಯಿಬಿಟ್ಟು ಹೇಳುತ್ತ, ರೂಪವನ್ನು ಕಣ್ಣಿನಿಂದ ನೋಡುತ್ತ, ಬೆರಳಿನಿಂದ ಅದರ ದಾರಿಯನ್ನು ಎಳೆಯುವುದರಲ್ಲಿ ಮೂರು ಇಂದ್ರಿಯಗಳು ಒಟ್ಟಿಗೆ ದುಡಿಯುವುವು. ಅಮೆರ್ಕದಲ್ಲಿ 1920ರ ದಶಕದಿಂದ ಸ್ಯಾಮ್ಯುಯೆಲ್ ಆರ್ಟನ್ ಎಂಬ ವೈದ್ಯನೂ ಅನಂತರ ಅವನೊಡನೆ ದುಡಿದ ಆನಾ ಗಿಲ್ಲಿಂಗ್‌ಹ್ಯಾಮ್ ಎಂಬ ವಿದುಷಿಯೂ ಇಂತಹ ಮಕ್ಕಳಿಗಾಗಿ ರೂಪಿಸಿದ ಬೋಧನಕ್ರಮದ ತಿರುಳೂ ಇದೇ. ಪಾಟಿಯ ಮೇಲೆ ಒಂದು ನೂರು ಸಲ ಬರೆ ಎಂಬ ಶಿಕ್ಷೆಯಿಂದ ಈ ಫಲವು ದೊರೆಯದು. ಅದರಲ್ಲಿ ಕೈ ಮಾತ್ರ ಓಡುವುದು. ಮಕ್ಕಳು ದನಿಯನ್ನು ಬಿಡಿಸಿ ಕೂಡಿಸುವ ಆಟವನ್ನೂ ಆಡಬೇಕು: ಕಲ್ಲು ಎಂಬಲ್ಲಿ ಕಕಾರವನ್ನು ತೆಗೆದು ಹಕಾರವನ್ನಿಟ್ಟರೆ ಏನು? ಬೆಲ್ಲ ಎಂಬಲ್ಲಿ ಬೆ ಹೋಗಿ ಎ ಬಂದರೆ ಏನು? ಪ್ರಾಸದಲ್ಲಿ ಮನಸ್ಸುಳ್ಳ ಸಾಹಿತ್ಯದ ಉಪಾಧ್ಯಾಯನಿಗೆ ಇಂತಹ ಪದಗಳನ್ನು ಬೇರೆಯವರು ಒದಗಿಸಬೇಕಾಗಿಲ್ಲ. ಒತ್ತಕ್ಷರಗಳಲ್ಲಿ ಅಕ್ಕ, ಅಣ್ಣ, ಕಲ್ಲು ಎಂಬ ಸಜಾತೀಯಗಳು ಗಟ್ಟಿಯಾಗುವವರೆಗೆ ವಿಜಾತೀಯಗಳಿಗೆ ಕೈಹಾಕದಿರುವುದು ಒಳ್ಳೆಯದು. ಅರ್ಕಾವತ್ತನ್ನು ಎಲ್ಲಕ್ಕೂ ಕಡೆಗೆ ಇಡಬೇಕು.

ಮೂರನೆಯದು ಪರೀಕ್ಷೆ. ಕಾವ್ಯದ ಪಾಠದಲ್ಲಿ ನಾವು ಪರೀಕ್ಷಿಸಬೇಕಾದುದು ಭಾವಗ್ರಹಣವನ್ನೋ ಕಾಗುಣಿತವನ್ನೋ? ಎರಡನ್ನೂ ಎಂದಾದರೆ ಎರಡಕ್ಕೂ ಬೇರೆಬೇರೆ ಅಂಕಗಳಿರಲಿ. ಗಮಕವಾಚನವನ್ನು ಕೇಳಿ ಪದ್ಯದ ಅರ್ಥವನ್ನು ಬಾಯಿಯಲ್ಲಿ ಹೇಳಿದ ವಿದ್ಯಾರ್ಥಿಯು ಆ ಪದ್ಯವನ್ನು ತಿಳಿಯಲಿಲ್ಲವೆನ್ನಲು ಯಾರಿಂದಲೂ ಆಗದು. ನಮ್ಮ ಸಾಹಿತ್ಯದ ಬಹುಭಾಗವು ಕೇಳುವವರಿಗಾಗಿಯೇ ಹುಟ್ಟಿದುದು. ಅದನ್ನು ಕೇಳಿಯೇ ಕಲಿತವನಿಗೆ ಅಂಕವಿಲ್ಲವೆಂಬ ನಿಯಮವು ವಿಚಿತ್ರವಾದುದು.

ಕಾನೂನಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುವೆನು. ಮಕ್ಕಳ ಶಿಕ್ಷಣದ ಹಕ್ಕನ್ನು ಕುರಿತ 2009ರ ಶಾಸನದ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿರುವುದು. ಎಲ್ಲರ ಎದುರಿಗೆ ಹೀಯಾಳಿಸುವುದನ್ನು ನಾನು ಈ ಎರಡನೆಯದರಲ್ಲಿ ಸೇರಿಸುವೆನು. ವಿಕಲಚೇತನರನ್ನು ಕುರಿತ 1995ರ ಶಾಸನದಲ್ಲಿ ಕಲಿಕೆಯ ತೊಡಕಿಗೆ ಸ್ಥಾನವಿರಲಿಲ್ಲ. 2016ರ ಹೊಸ ಶಾಸನದಲ್ಲಿ ಅಂಗೀಕರಿಸಿದ 21 ಬಗೆಗಳಲ್ಲಿ ಅದೂ ಒಂದಾಗಿದೆ. ಅದನ್ನು ಸಾಧ್ಯವಾದಷ್ಟು ಬೇಗ ಪತ್ತೆಮಾಡಿ ತಕ್ಕ ಬೋಧನೆಯನ್ನು ಒದಗಿಸತಕ್ಕುದೆಂದೂ, ಪರೀಕ್ಷೆಯಲ್ಲಿ ಹೆಚ್ಚು ಕಾಲ, ಬರೆದುಕೊಡುವ ಸಹಾಯಕ, ದ್ವಿತೀಯ ತೃತೀಯ ಭಾಷೆಗಳಿಂದ ವಿನಾಯಿತಿ ಮುಂತಾದುವನ್ನು ಕಲ್ಪಿಸತಕ್ಕುದೆಂದೂ ಅದು ವಿಧಿಸುವುದು. 2018ರಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಸೂಚನೆಗಳ ಪ್ರಕಾರ ಮೂರನೆಯ ತರಗತಿಯಲ್ಲಿ ಅಥವಾ ಎಂಟನೆಯ ವಯಸ್ಸಿನಲ್ಲಿ ಮೊದಲ ಶೋಧನೆಯನ್ನು ಮಾಡತಕ್ಕವರು ಶಾಲೆಯ ಉಪಾಧ್ಯಾಯರೇ. ವೈದ್ಯರೂ ಮನಶ್ಶಾಸ್ತ್ರಜ್ಞರೂ ಅನಂತರ. ಕಲಬುರಗಿಗೆ ಹೋಗಿಬರುವುದಕ್ಕೆ ಒಂದು ದಿವಸದ ಕೂಲಿಯನ್ನು ಕಳೆದುಕೊಳ್ಳಬೇಕಾದ ತಾಯಿಗೆ ಪ್ರಮಾಣಪತ್ರವು ಸುಲಭವಾದ ವಸ್ತುವಲ್ಲ. ಆದರೆ ಮೇಲೆ ಹೇಳಿದ ಉಪಾಯಗಳಲ್ಲಿ ಹೆಚ್ಚಿನವಕ್ಕೆ ಪ್ರಮಾಣಪತ್ರವು ಬೇಕಿಲ್ಲ. ಮರಳಿಗೂ ಬೇಕಿಲ್ಲ, ಕಾಯುವುದಕ್ಕೂ ಬೇಕಿಲ್ಲ.

ಭಾಷೆಯ ವಿನಾಯಿತಿಯ ವಿಷಯದಲ್ಲಿ ನನಗೆ ಒಂದು ಆತಂಕವಿದೆ. ಉರ್ದು ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವಿಗೆ ಕನ್ನಡವು ಎರಡನೆಯ ಭಾಷೆ. ತೊಡಕು ಕಂಡೊಡನೆ ವಿನಾಯಿತಿಯ ಅರ್ಜಿಯನ್ನು ಬರೆಯಿಸಿ ಕನ್ನಡದ ತರಗತಿಯಿಂದಲೇ ಹೊರಗೆ ಕಳುಹಿಸಿಬಿಡುವ ಸಂಭವವುಂಟು. ವಿನಾಯಿತಿಯು ಬರೆವಣಿಗೆಯ ಪರೀಕ್ಷೆಗೆ ಇರಲಿ. ಕಥೆಯನ್ನೂ ಹಾಡನ್ನೂ ಕೇಳುವ ಹಕ್ಕಿಗೆ ಅದು ತಗಲಬಾರದು. ಕೇಳಿಸಿಕೊಂಡು ಬೆಳೆಯುವ ಮಗುವಿನಿಂದ ಕೇಳುವುದನ್ನೂ ಕಿತ್ತುಕೊಂಡರೆ ಉಳಿಯುವುದೇನು?

ಕಡೆಯದಾಗಿ ವಿದ್ವಾಂಸರಲ್ಲಿ ಒಂದು ಬಿನ್ನಹ. ಶಾಸನಗಳಲ್ಲಿ ಲೇಖಕನ ಕೈತಪ್ಪನ್ನೂ, ಓಲೆಗರಿಯಲ್ಲಿ ಲಿಪಿಕಾರನ ಪ್ರಮಾದವನ್ನೂ ಒಂದೊಂದಾಗಿ ಗುರುತಿಸಿ, ಅದು ಕಿವಿಯ ತಪ್ಪೋ ಕಣ್ಣಿನ ತಪ್ಪೋ ಪ್ರಾಂತಭೇದವೋ ಎಂದು ನಿರ್ಣಯಿಸುವ ವಿದ್ಯೆಯನ್ನು ಗ್ರಂಥಸಂಪಾದಕರು ಚೆನ್ನಾಗಿ ಬಲ್ಲರು. ಅದೇ ವಿದ್ಯೆಯು ಮಕ್ಕಳ ಬರೆಹದ ಪುಸ್ತಕಗಳಿಗೂ ಸಲ್ಲುವುದು. ಹೆಸರುಗಳನ್ನು ಅಳಿಸಿ, ಮನೆಮಾತನ್ನೂ ತರಗತಿಯನ್ನೂ ಮಾತ್ರ ಗುರುತಿಸಿಕೊಂಡು, ತೆಂಗಳಿ, ಚಿತ್ತಾಪುರ, ಸೇಡಂಗಳ ಶಾಲೆಗಳಿಂದ ಒಂದು ವರ್ಷದ ಬರೆಹದ ಪುಸ್ತಕಗಳನ್ನು ಕೂಡಿಸಿದರೆ, ಬ್ಯಾಳಿ ಎಂಬಂತಹ ರೂಪಗಳು ಎಷ್ಟು, ಬಿಟ್ಟುಹೋದ ಒತ್ತುಗಳು ಎಷ್ಟು, ಸ್ಥಾನಪಲ್ಲಟವಾದ ಅಕ್ಷರಗಳು ಎಷ್ಟು, ಯಾವ ಪದದಲ್ಲಿ ಹೆಚ್ಚು ಮಕ್ಕಳು ಎಡವಿದರು ಎಂಬುದು ತಿಳಿಯುವುದು. ಮೊದಲನೆಯ ಎರಡು ಪಠ್ಯಪುಸ್ತಕಗಳಲ್ಲಿ ಯಾವ ಒತ್ತಕ್ಷರವು ಎಷ್ಟು ಸಲ ಬಂದಿದೆಯೆಂಬ ಪಟ್ಟಿಯನ್ನು ಅದರ ಪಕ್ಕಕ್ಕಿಟ್ಟು ನೋಡಬಹುದು. ಈ ಕೆಲಸಕ್ಕೆ ಯಂತ್ರವಾಗಲಿ ವೈದ್ಯನಾಗಲಿ ಬೇಕಿಲ್ಲ. ಒಂದು ಊರಿನಲ್ಲಿ ಇಬ್ಬರು ಉಪಾಧ್ಯಾಯರು ಒಪ್ಪಿದರೆ ಬರುವ ಜೂನಿನಲ್ಲಿ ಪ್ರಾರಂಭಿಸಬಹುದು.